ಪುರಿ ಡಬ್ಬಿಯ ಮುಚ್ಚಳ

ಶಾಂತಕುಮಾರಿ ತೀರಿಕೊಂಡ ನಾಲ್ಕನೇ ದಿನ ಮನೆಗೆ ಅವರದೊಂದು ಫೋಟೋ ಬೇಕಾಯಿತು. ಹನ್ನೊಂದನೇ ದಿನದ ಕಾರ್ಯಕ್ಕೆ ಕಾರ್ಡು ಅಚ್ಚಾಗಬೇಕು, ಕಾರ್ಡಿನ ಮೇಲೆ ಮುಖ ಇರಬೇಕು. ಅದೇ ಮುಖವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಹಾಕಿ ಕುರ್ಚಿಯ ಮೇಲೆ ಇಡಬೇಕು. ಇದೇನು ಮಹಾ ಕೆಲಸ ಎಂದು ಎಲ್ಲರೂ ಅಂದುಕೊಂಡರು. ಯಾಕೆಂದರೆ ಆ ಮನೆಯ ಸೊಸೆ ಸಂಹಿತಾಳ ಫೋನಿನಲ್ಲಿ ಹನ್ನೊಂದು ಸಾವಿರ ಫೋಟೋಗಳಿದ್ದವು.

ಹನ್ನೊಂದು ಸಾವಿರದಲ್ಲಿ ಮುಕ್ಕಾಲು ಪಾಲು ಇಂಚರಳದೇ. ಇಂಚರ ಎಂದರೆ ಸಂಹಿತಾ ಮತ್ತು ಶಿಶಿರ್ ಅವರ ಒಬ್ಬಳೇ ಮಗಳು, ಎರಡು ವರ್ಷ ಎರಡು ತಿಂಗಳಿನವಳು. ನಕ್ಕಿದ್ದು, ಅತ್ತಿದ್ದು, ಬಾಳೆಹಣ್ಣನ್ನು ತಲೆಗೆ ಮೆತ್ತಿಕೊಂಡಿದ್ದು, ಬಕೆಟ್ಟಿನಲ್ಲಿ ಕೂತು ಮೇಲೇಳಲಾರದೆ ನೋಡಿದ್ದು, ಎಲ್ಲವೂ ಅದರಲ್ಲಿದ್ದವು. ಪ್ರತಿ ತಿಂಗಳು ಹದಿನಾಲ್ಕನೇ ತಾರೀಖಿಗೆ ಮಗುವನ್ನು ಮಧ್ಯ ಕೂರಿಸಿಕೊಂಡು ತೆಗೆದ ಮನೆಮಂದಿಯ ಫೋಟೋ ಬೇರೆ. ಮಗುವಿನ ಅಪ್ಪ, ಅಮ್ಮ, ತಾತ ಎಲ್ಲರೂ ಅದರಲ್ಲಿ ಹಲ್ಲು ಬಿಟ್ಟುಕೊಂಡು ಕೂತಿದ್ದರು. ಅಜ್ಜಿ ಮಾತ್ರ ಇರಲಿಲ್ಲ.

ಸಂಹಿತಾ ಮೊದಲ ದಿನದಿಂದ ಕೊನೆಯ ದಿನದವರೆಗೆ ಎರಡು ಸಲ ಬೆರಳಾಡಿಸಿದಳು. ಅತ್ತೆಯ ಕೈ ಸಿಕ್ಕಿತು, ಎರಡು ಹಸಿರು ಬಳೆ ಮತ್ತು ಒಂದು ಚಿನ್ನದ ಬಳೆ ಇರುವ ಎಡಗೈ. ಒಂದರಲ್ಲಿ ಸೀರೆಯ ಸೆರಗು ಸಿಕ್ಕಿತು. ಗೋಡೆಯ ಮೇಲೆ ಬಿದ್ದ ನೆರಳು ಸಿಕ್ಕಿತು. ಬೀರುವಿನ ಕನ್ನಡಿಯಲ್ಲಿ ಒಮ್ಮೆ ಅವರು ಪೂರ್ತಿಯಾಗಿ ಕಂಡರು, ಆದರೆ ಮುಖದ ಮುಂದೆ ಪುರಿ ಡಬ್ಬಿಯ ಸ್ಟೀಲು ಮುಚ್ಚಳ ಹಿಡಿದಿದ್ದರು.

ಮದುವೆಯ ಆಲ್ಬಂ ತೆಗೆದರು. ಸಂಹಿತಾಳ ಮದುವೆ ಕೊರೋನಾ ವರ್ಷದಲ್ಲಿ, ಐವತ್ತು ಜನರ ಮುಂದೆ ಆದದ್ದು. ಶಾಂತಕುಮಾರಿ ಪ್ರತಿ ಪುಟದಲ್ಲೂ ಇದ್ದರು, ಪ್ರತಿ ಪುಟದಲ್ಲೂ ಮಾಸ್ಕ್ ಹಾಕಿಕೊಂಡೇ ಇದ್ದರು. ವಿಮಾ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು ಅವರು. ನಿವೃತ್ತಿಯಾದದ್ದೂ ಆ ಹೊತ್ತಿನಲ್ಲೇ, ಬೀಳ್ಕೊಡುಗೆಯೆಲ್ಲ ಫೋನಿನ ಪರದೆಯ ಮೇಲೆ ಮುಗಿದುಹೋಗಿತ್ತು. ಅದಕ್ಕಿಂತ ಹಳೆಯ ಫೋಟೋಗಳಿಗೇನೂ ಬರವಿರಲಿಲ್ಲ, ಆದರೆ ಮಾವ ರಾಮು ಅವನ್ನು ಒಂದೊಂದಾಗಿ ನೋಡಿ ಪಕ್ಕಕ್ಕಿಟ್ಟರು. ಅವುಗಳಲ್ಲೆಲ್ಲ ಬಣ್ಣ ಹಚ್ಚಿದ ಕರೀ ಕೂದಲು. ನಿವೃತ್ತಿಯಾದ ಮರುದಿನವೇ ಶಾಂತಕುಮಾರಿ ಬಣ್ಣದ ಬಟ್ಟಲನ್ನು ಕಸಕ್ಕೆ ಎಸೆದು, ಆರು ತಿಂಗಳಲ್ಲಿ ತಲೆ ತುಂಬ ಬೆಳ್ಳಗೆ ಮಾಡಿಕೊಂಡು ಕೂತಿದ್ದರು.

"ಈಗಿನ ಶಾಂತ ಬೇಕು ನಂಗೆ," ಎಂದರು ರಾಮು. ಅವರು ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಅಳತೆಯಲ್ಲಿ ಕೂದಲೆಳೆ ಹೆಚ್ಚುಕಡಿಮೆಯಾದರೂ ಒಪ್ಪುವ ಜಾತಿಯಲ್ಲ. "ಬೆಳ್ಳಿ ಕೂದಲಿಂದು. ಸಂಹಿತಾ ಹತ್ರ ಇರುತ್ತೆ, ಯಾವಾಗ್ಲೂ ಫೋನ್ ಹಿಡ್ಕೊಂಡೇ ಇರ್ತಾಳಲ್ಲ."

ಅದು ಕುಟುಕಲ್ಲ, ಭರವಸೆ. ಕುಟುಕಾಗಿದ್ದರೆ ಎಷ್ಟೋ ವಾಸಿಯಿತ್ತು. ಸಂಹಿತಾ ಹುಡುಕುತ್ತಿದ್ದೀನಿ ಮಾವ ಎಂದಳು. ನಿಜ ಏನೆಂದರೆ, ಅವಳಿಗೆ ಹುಡುಕುವುದೇನೂ ಉಳಿದಿರಲಿಲ್ಲ. ಫೋಟೋ ಇತ್ತು, ಒಂದಲ್ಲ ಇಪ್ಪತ್ತಾರು ಇದ್ದವು, ಎಲ್ಲವನ್ನೂ ಅವಳೇ ಅಳಿಸಿಹಾಕಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಈ ನಾಲ್ಕು ದಿನದಲ್ಲಿ ಅವಳು ಅತ್ತಿರಲೂ ಇಲ್ಲ. ಜೀವನ್ ಬಿಮಾ ನಗರದ ಹಾಲಿನ ಬೂತಿನ ಮುಂದೆ ಬೆಳಿಗ್ಗೆ ಆರೂವರೆಗೆ ಅತ್ತೆ ಕುಸಿದುಬಿದ್ದಾಗ ಓಡಿಹೋದವಳು ಅವಳೇ, ಆಟೋ ನಿಲ್ಲಿಸಿದವಳು ಅವಳೇ, ಡಾಕ್ಟರು ತಲೆಯಾಡಿಸಿದಾಗ ಎದುರಿಗೆ ನಿಂತಿದ್ದವಳೂ ಅವಳೇ. ಆಮೇಲೆ ಬಂದವರಿಗೆಲ್ಲ ಕಾಫಿ ಕೊಟ್ಟಳು, ಕೂರಲು ಜಾಗ ಮಾಡಿದಳು, ಮಗುವಿಗೆ ಉಣ್ಣಿಸಿದಳು. ಹಲ್ಲು ಕೀಳಿಸುವಾಗ ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ಅವಳಿಗೆ ಮೈಯೆಲ್ಲ ಹಾಗಾಗಿತ್ತು. ಮಾವನ ತಂಗಿ ಅಡುಗೆಮನೆಯಲ್ಲಿ, ಕೇಳಿಸಬೇಕಾದವರಿಗೆ ಕೇಳಿಸುವಷ್ಟು ಮೆತ್ತಗೆ, ಈ ಹುಡುಗಿಯ ಕಣ್ಣಲ್ಲಿ ಒಂದು ಹನಿ ನೀರಿಲ್ಲ ನೋಡಿ ಎಂದರು. ಸಂಹಿತಾಳಿಗೆ ಕೇಳಿಸಿತು. ಕೇಳಿಸಿದರೂ ಏನೂ ಅನ್ನಿಸಲಿಲ್ಲ.

ಎರಡು ವರ್ಷದ ಮಗುವಿನೊಂದಿಗೆ ಮನೆಮಂದಿಯ ಫೋಟೋ ತೆಗೆಯುವುದಿದೆಯಲ್ಲ, ಅದೊಂದು ಯಜ್ಞ. ಸಂಹಿತಾ ಅದನ್ನು ವೀಡಿಯೋ ನೋಡಿ ನೋಡಿ ಕಲಿತಿದ್ದಳು. ಮಗು ನಿದ್ದೆಯಿಂದ ಎದ್ದು ಹೊಟ್ಟೆ ತುಂಬಿಸಿಕೊಂಡ ಮೇಲೇ ಶುರುಮಾಡಬೇಕು. ಚುಚ್ಚುವ ಜರಿಯ ಲಂಗ ತೊಡಿಸಬಾರದು. ಕ್ಯಾಮರಾ ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು, ಬೆಳಕು ಕಿಟಕಿಯ ಕಡೆಯಿಂದ ಬರಬೇಕು, ನಗು ನಗು ಎಂದು ಯಾರೂ ಪೀಡಿಸಬಾರದು. ಇಷ್ಟೆಲ್ಲ ಸರಿಮಾಡಿದರೂ ಇಂಚರ ಫ್ಯಾನ್ ನೋಡುತ್ತಿದ್ದಳು, ಕಾಲ್ಬೆರಳು ನೋಡುತ್ತಿದ್ದಳು, ಇಲ್ಲವೇ ಸೋಫಾದಿಂದ ಜಾರಿ ಪರಾರಿಯಾಗುತ್ತಿದ್ದಳು. ಕೊನೆಗೆ ದಾರಿ ಕಂಡುಹಿಡಿದವರು ಶಾಂತಕುಮಾರಿ. ಫೋನಿನ ಸ್ಟ್ಯಾಂಡಿನ ಹಿಂದೆ, ಚೂರು ಎಡಕ್ಕೆ ನಿಂತು, ಪುರಿ ಡಬ್ಬಿಯ ಮುಚ್ಚಳವನ್ನು ಮುಖಕ್ಕೆ ಅಡ್ಡ ಹಿಡಿದು "ಅಜ್ಜಿ ಎಲ್ಲಿ?" ಎನ್ನುತ್ತಿದ್ದರು. ಮಗು ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಮುಚ್ಚಳ ಸರ್ರನೆ ಇಳಿದು "ಇಲ್ಲೇ!" ಎಂದಾಗ ಇಂಚರಳ ಮುಖದಲ್ಲಿ ಒಂದು ನಗು ಬರುತ್ತಿತ್ತು. ಅಂಗೈಯಲ್ಲಿ ಅಡಗಿಸಿಕೊಂಡ ರಿಮೋಟಿನಿಂದ ಕ್ಲಿಕ್ ಮಾಡಬೇಕಾದದ್ದು ಆಗಲೇ. ಸಂಹಿತಾ ಒಮ್ಮೆಯೂ ತಪ್ಪಿಸಿಕೊಂಡವಳಲ್ಲ.

ಅತ್ತೆ, ನೆರಳು ಬೀಳ್ತಿದೆ. ಅತ್ತೆ, ನಿಮ್ಮ ಕೈ ಬರ್ತಿದೆ. ಅತ್ತೆ, ಸ್ವಲ್ಪ ಆಚೆಗೆ. ಎರಡು ವರ್ಷ ಅವಳು ಹೀಗೇ ಹೇಳುತ್ತಿದ್ದಳು, ಅವರು ಸರಿಯುತ್ತಿದ್ದರು. ಇದರಲ್ಲಿ ಯಾರಿಗೂ ಬೇಸರವಿರಲಿಲ್ಲ. ಫೋಟೋ ನೋಡಿದ ನೆಂಟರೆಲ್ಲ, ಇಷ್ಟು ಸಣ್ಣ ಮಗು ಎಷ್ಟು ಚೆನ್ನಾಗಿ ಕ್ಯಾಮರಾ ನೋಡುತ್ತದೆ ಎಂದು ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಇಂಚರಳ ಎರಡನೇ ಹುಟ್ಟುಹಬ್ಬದ ದಿನ ಶಾಂತಕುಮಾರಿ ಗಿಳಿಹಸಿರು ಮೈಸೂರು ರೇಷ್ಮೆ ಉಟ್ಟರು, ಸಾಸಿವೆ ಬಣ್ಣದ ಅಂಚಿನದು. ಮುಡಿಗೆ ಒಂದು ಮೊಳ ಮಲ್ಲಿಗೆ ಮುಡಿದು ಹೊರಬಂದು, ಯಾರನ್ನೂ ಕೇಳದವರಂತೆ, "ಈ ಸಲ ನಾನೂ ಕೂತ್ಕೊಳ್ಳಾ?" ಎಂದರು. ಸಂಹಿತಾ ಅಯ್ಯೋ ಬನ್ನಿ ಅತ್ತೆ ಎಂದು ಮಗುವನ್ನು ಅವರ ತೊಡೆಯ ಮೇಲೆಯೇ ಕೂರಿಸಿದಳು, ರಿಮೋಟ್ ಹಿಡಿದು ಓಡಿಬಂದು ಪಕ್ಕದಲ್ಲಿ ಕೂತಳು. ಇಂಚರ ಸ್ಟ್ಯಾಂಡಿನ ಹಿಂದೆ ಅಜ್ಜಿಯನ್ನು ಹುಡುಕಿದಳು. ಅಲ್ಲಿ ಬರೀ ಗೋಡೆಯಿತ್ತು. ಅಜ್ಜಿ ತನ್ನ ಬೆನ್ನ ಹಿಂದೆಯೇ ಇದ್ದಾಳೆಂದು ತಿಳಿದದ್ದೇ ತಡ, ಪೂರ್ತಿ ಹಿಂದಕ್ಕೆ ತಿರುಗಿ ಅವರ ಗಲ್ಲ ಹಿಡಿದುಕೊಂಡಳು. ಇಪ್ಪತ್ತಾರು ಸಲ ಕ್ಯಾಮರಾ ಕ್ಲಿಕ್ ಎಂದಿತು. ಇಪ್ಪತ್ತಾರರಲ್ಲೂ ಮಗುವಿನ ತಲೆಯ ಹಿಂಭಾಗ, ಅದರಾಚೆ ಶಾಂತಕುಮಾರಿಯ ನಗುವ ಮುಖ.

ಸಂಹಿತಾ ಫೋನ್ ನೋಡಿ ತುಟಿ ಕೊಂಕಿಸಿದಳು. "ಅತ್ತೆ, ಪಾಪು ಮುಖಾನೇ ಬರ್ತಿಲ್ಲ. ನೀವು ಆಚೆ ನಿಂತ್ರೆ ಸರಿಹೋಗುತ್ತೆ," ಎಂದಳು. ಶಾಂತಕುಮಾರಿ ಎದ್ದರು. ರೇಷ್ಮೆ ಸೀರೆಯಲ್ಲೇ ಅಡುಗೆಮನೆಗೆ ಹೋಗಿ ಮುಚ್ಚಳ ತಂದರು. ಇಪ್ಪತ್ತೇಳನೆಯ ಫೋಟೋ ಅಂಗಡಿಯಲ್ಲಿ ತೆಗೆಸಿದ ಹಾಗೆ ಬಂತು. ಅದು ಈಗ ಹಾಲಿನ ಗೋಡೆಯ ಮೇಲೆ ದೊಡ್ಡದಾಗಿ ತೂಗುತ್ತಿದೆ. ಮರುದಿನ ಆಫೀಸಿಗೆ ಹೋಗುವಾಗ, ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನ ಗೇಟಿನ ಮುಂದಿನ ಟ್ರಾಫಿಕ್ಕಿನಲ್ಲಿ ಕ್ಯಾಬ್ ನಿಂತಿದ್ದಾಗ, ಸಂಹಿತಾ ಉಳಿದ ಇಪ್ಪತ್ತಾರನ್ನೂ ಒಟ್ಟಿಗೆ ಗುರುತು ಹಾಕಿ ಅಳಿಸಿದಳು. ಕೆಟ್ಟುಹೋದ ಫೋಟೋಗಳನ್ನು ಇಟ್ಟುಕೊಳ್ಳಬಾರದು ಎಂಬುದೂ ಅವಳು ಕಲಿತ ಪಾಠವೇ. ಅಳಿಸಿದ್ದು ಫೋನಿನ ಕಸದ ಬುಟ್ಟಿಯಲ್ಲಿ ಮೂವತ್ತು ದಿನ ಇರುತ್ತದೆ. ಅತ್ತೆ ಹೋದದ್ದು ಅರವತ್ತಮೂರನೇ ದಿನ.

ಶಿಶಿರ್ ಊರೆಲ್ಲ ಕೇಳಿದ. ಕೇಟರಿಂಗ್‌ನವನಿಗೆ, ಪುರೋಹಿತರಿಗೆ, ಶಾಮಿಯಾನದವನಿಗೆ ಫೋನ್ ಮಾಡುತ್ತ ಮಾಡುತ್ತಲೇ ನೆಂಟರಿಗೂ ಮೆಸೇಜು ಹಾಕಿದ. ಮಹಡಿಯ ಮನೆಯ ಶೀಬಾ ಒಂದು ಕಳಿಸಿದರು, ಹೊಸ ವರ್ಷದ ದಿನ ತಾರಸಿಯಲ್ಲಿ ಊಟ ಬಡಿಸುವಾಗಿನದು. ಅದರಲ್ಲಿ ಶಾಂತಕುಮಾರಿಯ ಬೆನ್ನಿತ್ತು. ಕಾರ್ಡು ಅಚ್ಚಿಗೆ ಹೋಗಲೇಬೇಕಾದ ದಿನ ಮುಖದ ಜಾಗದಲ್ಲಿ ಉರಿಯುವ ದೀಪದ ಚಿತ್ರ ಹಾಕಿಸಿದರು. ಕಟ್ಟು ಹಾಕಿಸಲು ಮಾತ್ರ ದೀಪ ಸಾಲದು. ಶಿಶಿರ್‌ಗೆ ಕೈಕಾಲು ಆಡಲಿಲ್ಲ, ಹೆಂಡತಿಯನ್ನು ಹಲಸೂರಿನ ಸ್ಟುಡಿಯೋಗೆ ಕಳಿಸಿದ.

ಸ್ಟುಡಿಯೋ ಇದ್ದದ್ದು ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ನಡೆಸುವವನು ಮುರಳಿ, ನಲವತ್ತು ದಾಟಿದವನು, ಆಚೆಯವರೊಂದಿಗೆ ತಮಿಳಿನಲ್ಲಿ, ಈಚೆಯವರೊಂದಿಗೆ ಕನ್ನಡದಲ್ಲಿ ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದ. ತೀರಿಹೋದವರಿಗೆ ಮುಖ ಮಾಡಿಕೊಡುವುದು ಅವನಿಗೆ ದಿನನಿತ್ಯದ ಕೆಲಸ. ಸಂಹಿತಾ ಕಚೇರಿಯ ಗುರುತಿನ ಚೀಟಿ ಕೊಟ್ಟಳು, ಇಪ್ಪತ್ತು ವರ್ಷ ಹಿಂದಿನ ಮುಖ. ಕೂದಲು ಬೆಳ್ಳಗೆ ಮಾಡಿಬಿಡೋಣ, ನೆರಿಗೆ ಒಂದಷ್ಟು ಹಾಕೋಣ, ಮೈ ನನ್ನ ಹತ್ತಿರ ರೆಡಿ ಇದೆ ಎಂದ ಮುರಳಿ. ಕಂಪ್ಯೂಟರಿನಲ್ಲಿ ತಲೆಯಿಲ್ಲದ ಹೆಂಗಸರು ಸಾಲಾಗಿ ರೇಷ್ಮೆ ಸೀರೆ ಉಟ್ಟು ಕೂತಿದ್ದರು. ಸೀರೆ ಯಾವ ಬಣ್ಣ ಎಂದು ಅವನು ಕೇಳಿದ. ಗಿಳಿಹಸಿರು, ಸಾಸಿವೆ ಅಂಚು ಎಂದಳು.

ಈಚಿನ ಮುಖ ಎಲ್ಲಾದರೂ ಅರ್ಧಂಬರ್ಧ ಇದ್ದರೂ ನಡೆಯುತ್ತದೆ, ಕಣ್ಣಾದರೂ ಸಿಗಲಿ ಎಂದು ಮುರಳಿ ಅವಳ ಫೋನ್ ಈಸಿಕೊಂಡ. ಒಂದಷ್ಟು ಹೊತ್ತು ಬೆರಳಾಡಿಸಿ ಹಿಂದಕ್ಕೆ ಕೊಡುತ್ತ, ಮೇಡಂ ಒಂದು ವಿಷಯ ಹೇಳಲಾ ಎಂದ.

"ನಿಮ್ ಪಾಪು ಒಂದ್ ಫೋಟೋದಲ್ಲೂ ಕ್ಯಾಮರಾ ನೋಡಿಲ್ಲ. ಲೆನ್ಸ್‌ಗಿಂತ ಚೂರು ಮೇಲೆ, ಎಡಗಡೆ. ಅಲ್ಲಿ ಯಾರೋ ನಿಂತಿದ್ದಾರೆ, ಎಲ್ಲಾದ್ರಲ್ಲೂ ಅವರನ್ನೇ ನೋಡ್ತಿರೋದು."

ಸಂಹಿತಾ ಪರದೆಯನ್ನು ದೊಡ್ಡದು ಮಾಡಿ ನೋಡಿದಳು. ಹೌದು. ಹನ್ನೊಂದು ಸಾವಿರ ಸಲ ನೋಡಿದ್ದರೂ ಅವಳಿಗೆ ಕಂಡಿರಲಿಲ್ಲ. ಅಲ್ಲಿ ನಿಂತಿದ್ದು ಇವರೇ, ನಮ್ಮತ್ತೆ, ಎಂದು ಅವಳು ಗುರುತಿನ ಚೀಟಿಯನ್ನು ತೋರಿಸಿದಳು. ಮುರಳಿ ಚೀಟಿಯನ್ನೊಮ್ಮೆ ಫೋನನ್ನೊಮ್ಮೆ ನೋಡಿ ಮೌಸ್ ಕೈಗೆತ್ತಿಕೊಂಡ. ಈಗಲಾದರೂ ಅಳು ಬರುತ್ತದೇನೋ ಎಂದು ಸಂಹಿತಾ ಕಾದಳು. ಬರಲಿಲ್ಲ. ಮಾರ್ಕೆಟ್ಟಿನಲ್ಲಿ ಮಗುವಿಗೆ ಸಪೋಟ ಕೊಂಡುಕೊಂಡು ಆಟೋ ಹತ್ತಿದಳು.

ಒಂಬತ್ತನೇ ದಿನ ಮಧ್ಯಾಹ್ನ ಕಟ್ಟು ಹಾಕಿದ ಫೋಟೋ ಬಂತು. ಶಿಶಿರ್ ಅಂಗಡಿಗೆ ಹೋಗಿದ್ದ, ಮಗು ಮಲಗಿತ್ತು. ರಾಮು ಅದನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡಕ ಹಾಕಿ ನೋಡಿದರು. ಬೆಳ್ಳನೆಯ ಕೂದಲು, ಹಸಿರು ಸೀರೆ, ನೆಟ್ಟಗೆ ಎದುರಿಗೆ ನೋಡುವ ಕಣ್ಣು. ಕೊರಳಲ್ಲಿ ಎರಡೆಳೆಯ ಕೆಂಪು ಕಲ್ಲಿನ ಸರ. ಆ ಸರದ ಮೇಲೆ ಅವರು ಬೆರಳಿಟ್ಟು ಇದು ಯಾರದು ಎಂದರು. ಸಂಹಿತಾ ಗೊತ್ತಿಲ್ಲ ಮಾವ ಎಂದಳು. ಭುಜ ಇಷ್ಟು ಅಗಲ ಇರಲಿಲ್ಲ ಅವಳದು ಎಂದರು. ಅದಕ್ಕೂ ಅವಳು ಹೂಂ ಎಂದಳು.

ಇನ್ನು ಇಟ್ಟುಕೊಳ್ಳಲು ಅವಳಿಂದ ಆಗಲಿಲ್ಲ. ಧೈರ್ಯ ಬಂತೆಂದಲ್ಲ, ಬಚ್ಚಿಡಲು ಬೇಕಾದಷ್ಟು ಶಕ್ತಿ ಉಳಿದಿರಲಿಲ್ಲ.

"ಮಾವ, ಅತ್ತೆ ಫೋಟೋ ಇತ್ತು. ಬರ್ತ್‌ಡೇ ದಿನ ತೆಗ್ದಿದ್ದು, ಇಪ್ಪತ್ತಾರು. ಪಾಪು ಮುಖ ಬಂದಿಲ್ಲ ಅಂತ ನಾನೇ ಡಿಲೀಟ್ ಮಾಡ್ದೆ."

ರಾಮು ಬೈಯಬಹುದಿತ್ತು, ತಂಗಿಯನ್ನು ಕರೆದು ಹೇಳಬಹುದಿತ್ತು, ಎರಡೂ ಮಾಡಲಿಲ್ಲ. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು.

"ಚೆನ್ನಾಗಿ ಬಂದಿದ್ಲಾ?"

"ನಗ್ತಿದ್ರು ಮಾವ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, "ಅವತ್ತು ನೀನು ಹೇಳೋಕ್ ಮುಂಚೇನೇ ನಾನು ಮೊಣಕೈಲಿ ತಿವಿದಿದ್ದೆ ಅವಳನ್ನ," ಎಂದರು. "ಎದ್ದು ಹೋಗೇ, ನೀನು ಕೂತ್ರೆ ಫೋಟೋ ಕೆಡುತ್ತೆ ಅಂತ."

ಅಷ್ಟು ಹೇಳಿ ಅವರು ಫೋಟೋವನ್ನು ಗೋಡೆಗೆ ಒರಗಿಸಿಟ್ಟು ಬಚ್ಚಲುಮನೆಗೆ ಹೋದರು. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ಸಂಹಿತಾ ಕೂತಲ್ಲೇ ಕೂತಿದ್ದಳು. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ, ಅವಳಿಗೆ ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ಮಗು ಎದ್ದು ಅತ್ತಿತು, ಎತ್ತಿಕೊಂಡಳು.

ಹನ್ನೊಂದನೇ ದಿನ ಹಾಲಿನ ಸೋಫಾಗಳನ್ನೆಲ್ಲ ಮಹಡಿಗೆ ಸಾಗಿಸಿ ಜಮಖಾನ ಹಾಸಿದರು. ಕುರ್ಚಿಯ ಮೇಲೆ ಬಿಳಿ ಪಂಚೆ ಹೊದಿಸಿ, ಫೋಟೋ ಇಟ್ಟು, ಸುಗಂಧರಾಜದ ಹಾರ ಹಾಕಿ, ಎರಡೂ ಕಡೆ ದೀಪ ಹಚ್ಚಿದರು. ಬಂದವರು ಕೈಮುಗಿದು, ಥೇಟು ಶಾಂತಕ್ಕನೇ ಎದುರಿಗೆ ಕೂತ ಹಾಗಿದೆ ಎಂದರು. ವಿಮಾ ಕಚೇರಿಯ ಹಳೆಯ ಗೆಳತಿಯರು ಆ ಸರವನ್ನು ಯಾವಾಗ ಮಾಡಿಸಿದಳು, ಹೇಳಲೇ ಇಲ್ಲ ಎಂದು ಅತ್ತುಕೊಂಡೇ ಆಶ್ಚರ್ಯಪಟ್ಟರು. ರಾಮು ಫೋಟೋದ ಪಕ್ಕದಲ್ಲಿ ಕೂತು ಎಲ್ಲಕ್ಕೂ ತಲೆಯಾಡಿಸುತ್ತಿದ್ದರು. ಎದುರು ಗೋಡೆಯ ಮೇಲೆ ಹುಟ್ಟುಹಬ್ಬದ ಇಪ್ಪತ್ತೇಳನೆಯ ಫೋಟೋ ಇತ್ತು, ಅದನ್ನು ಇಳಿಸಲು ಯಾರಿಗೂ ನೆನಪಾಗಿರಲಿಲ್ಲ. ಅದರಲ್ಲಿ ಇಂಚರ ಯಾರನ್ನೋ ನೋಡಿ ನಗುತ್ತಿದ್ದಳು.

ಊಟದ ಎಲೆ ಹಾಕುವ ಹೊತ್ತಿಗೆ ಮಗು ಅಡುಗೆಮನೆಗೆ ನುಗ್ಗಿ, ಕೆಳಗಿನ ಗೂಡಿನಲ್ಲಿದ್ದ ಪುರಿ ಡಬ್ಬಿ ಎಳೆದು ಬೀಳಿಸಿತು. ಪುರಿ ನೆಲದ ತುಂಬ ಹರಡಿತು. ಮಾವನ ತಂಗಿ ಗದರಿಸಲು ಬಾಯಿ ತೆರೆಯುವಷ್ಟರಲ್ಲಿ ಇಂಚರ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಲಿಗೆ ಬಂದಾಗಿತ್ತು. ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಕುರ್ಚಿಯ ಮುಂದೆ ಹೋಗಿ ನಿಂತಳು. ದೀಪ ದೀಪ ಎಂದು ಯಾರೋ ಕೂಗಿದರು, ಶಿಶಿರ್ ದೀಪವನ್ನು ಪಕ್ಕಕ್ಕೆ ಸರಿಸಿದ.

ಮಗು ಕುರ್ಚಿಗೆ ಆತು ನಿಂತು, ಮುಚ್ಚಳವನ್ನು ಫೋಟೋದ ಮುಖಕ್ಕೆ ಅಡ್ಡ ಹಿಡಿಯಿತು.

"ಅಜ್ಜಿ ಎಲ್ಲಿ?"

ಮುಚ್ಚಳ ತೆಗೆದು ನೋಡಿತು. ಕೆಂಪು ಕಲ್ಲಿನ ಸರದ ಹೆಂಗಸು ನೆಟ್ಟಗೆ ಎದುರಿಗೆ ನೋಡುತ್ತಿದ್ದಳು. ಇಂಚರ ಇನ್ನೊಮ್ಮೆ ಮುಚ್ಚಿದಳು, ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ತೆಗೆದಳು. ಮೂರನೇ ಸಲಕ್ಕೆ ಮಗುವಿಗೆ ಸಾಕಾಯಿತು. ಆಟ ಸರಿಯಾಗಿ ಆಡಲು ಬಾರದವರ ಜೊತೆ ಇನ್ನೇನು ಎಂಬಂತೆ ತಿರುಗಿ, ಸುತ್ತಲೂ ನೋಡಿ, ಕಂಬದ ಹತ್ತಿರ ನಿಂತಿದ್ದ ಅಮ್ಮನ ಬಳಿಗೆ ಬಂದು ಮುಚ್ಚಳವನ್ನು ಅವಳ ಕೈಗೆ ಕೊಟ್ಟಿತು. ಕೊಟ್ಟು ಎರಡು ಹೆಜ್ಜೆ ಹಿಂದೆ ಹೋಗಿ, ಕೈ ಕಟ್ಟಿಕೊಂಡು ನಿಂತಿತು.

ಏನು ಮಾಡಬೇಕೆಂದು ಸಂಹಿತಾಳಿಗೆ ಗೊತ್ತಿತ್ತು. ಅವಳು ನೆಲದ ಮೇಲೆ ಮೊಣಕಾಲೂರಿ ಮುಚ್ಚಳವನ್ನು ಮುಖಕ್ಕೆ ಅಡ್ಡ ಹಿಡಿದಳು. ಸ್ಟೀಲು ತಣ್ಣಗಿತ್ತು, ಪುರಿಯ ಘಮ ಇತ್ತು. ಅಂಚಿನಲ್ಲೊಂದು ಕಡೆ ನೆಗ್ಗು, ಅತ್ತೆಯ ಹೆಬ್ಬೆರಳು ಕೂರುತ್ತಿದ್ದ ಜಾಗ ಅದೇ ಇರಬೇಕು, ಅವಳ ಹೆಬ್ಬೆರಳೂ ಅಲ್ಲೇ ಹೋಗಿ ಕೂತಿತು. ಎರಡು ವರ್ಷ ಅವರು ಇದರ ಹಿಂದಿನಿಂದ ನೋಡಿದ್ದು ಇಷ್ಟೇ, ಈ ಬೂದು ಬಣ್ಣ, ಇದರಲ್ಲಿ ಮಸುಕಾದ ತನ್ನದೇ ಮುಖ. ಆಚೆ ಬೆಳಕಿನಲ್ಲಿ ಮನೆಮಂದಿಯೆಲ್ಲ ಸಾಲಾಗಿ ಕೂತಿರುತ್ತಿದ್ದರು.

"ಅಜ್ಜಿ ಎಲ್ಲಿ?" ಎಂದಿತು ಮಗು. ದನಿಯಲ್ಲಿ ಆಗಲೇ ನಗು ತುಳುಕುತ್ತಿತ್ತು.

ಆಗ ಅವಳಿಗೆ ಅಳು ಬಂತು. ಹತ್ತು ದಿನದಿಂದ ಎಲ್ಲಿತ್ತೋ, ಕಣ್ಣಿನಿಂದ ಮೂಗಿನಿಂದ ಒಟ್ಟಿಗೆ ಸುರಿಯಿತು, ಹೆಗಲು ಕುಲುಕಿದವು. ಮುಚ್ಚಳವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಒತ್ತಿಹಿಡಿದಳು. ಇದನ್ನು ಇಳಿಸಿದರೆ ಮಗುವಿಗೆ ಸಿಗುವುದು ತಾನು ಮಾತ್ರ ಎಂಬುದು ಅವಳಿಗೆ ಗೊತ್ತಿತ್ತು, ಇಳಿಸಲು ಅವಳಿಂದಾಗಲಿಲ್ಲ.

ಇಂಚರ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು.